ಓದುವವಳು ಅಕ್ಕ, ತಿದ್ದುವವಳು ತಂಗಿ

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಪ್ರೂಫಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೊಂಬತ್ತು ವರ್ಷ ಕರಡಚ್ಚು ತಿದ್ದಿದ ಮೇಲೆ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಅದರ ಬಗ್ಗೆ ಅವಳಿಗೇನೂ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆ ವಿಷಯಕ್ಕೆ. ಎರಡು ಕಥಾಸಂಕಲನ ಬರೆದಿದ್ದ ಕೈ ಅದು. ಈಗ ಮೂರು ವರ್ಷದಿಂದ ಒಂದು ಪುಟ ದಾಟಿರಲಿಲ್ಲ. ಒಂದು ವಾಕ್ಯ ಬರೆಯುವುದು, ಅದರ ಶಾಯಿ ಒಣಗುವ ಮೊದಲೇ ಹೊಡೆದುಹಾಕುವುದು. ಹಗಲೆಲ್ಲ ಬೇರೆಯವರ ತಪ್ಪು ಹುಡುಕಿ ರೂಢಿಯಾದ ಕಣ್ಣು ಸಂಜೆ ಅವಳ ಕಾಗದದ ಮೇಲೂ ಸುಮ್ಮನೆ ಕೂರುತ್ತಿರಲಿಲ್ಲ. ಆಗ ಎದ್ದು ಕಾಲು ಸುಟ್ಟ ಬೆಕ್ಕಿನಂತೆ ಎರಡು ಕೋಣೆಯ ಮನೆಯಲ್ಲಿ ಸುತ್ತುತ್ತಿದ್ದಳು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು.

“ಇವತ್ತೆಷ್ಟು ಬರೆದ್ರಿ ಮೇಡಂ?” ಎಂದು ಪುಸ್ತಕ ಕಟ್ಟುವ ಬೈಂಡರ್ ದಿನಾ ಕೇಳುತ್ತಿದ್ದ. ಬೆರಳ ತುದಿಯಲ್ಲಿ ಯಾವಾಗಲೂ ಒಣಗಿದ ಅಂಟು ಮೆತ್ತಿಕೊಂಡಿರುವ ಮನುಷ್ಯ. ಅವಳ ಮೇಜಿನ ಕಾಲು ಅಲ್ಲಾಡಿದರೆ ಯಾರೂ ಹೇಳದೆಯೇ ರಟ್ಟಿನ ತುಂಡು ಮಡಿಸಿ ಕೆಳಗಿಟ್ಟು ಹೋಗುವವನು.

“ಒಂದು ಸಾಲು ಬರೆದೆ, ಒಂದೂವರೆ ಸಾಲು ಹೊಡೆದುಹಾಕಿದೆ.”

“ಹಾಗಾದ್ರೆ ನಿನ್ನೆಯದಕ್ಕೂ ಕೈ ಹಾಕಿದ್ರಿ ಅನ್ನಿ.” ಅವನು ಹಾಳೆಗಳ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿದ. “ಪೆನ್ಸಿಲ್ ಇದ್ದ ಕಡೆ ನಿಮ್ಮ ಕಥೆ ಬದುಕಲ್ಲ. ಶನಿವಾರ ವಾಚನಾಲಯದ ಮಹಡೀಲಿ ಕಥೆ ಹೇಳ್ತಾರೆ, ಬಾಯಲ್ಲಿ. ಅಲ್ಲಿಗೆ ಬನ್ನಿ. ಆಡಿದ ಮಾತನ್ನ ಯಾರು ಹೊಡೆದುಹಾಕ್ತಾರೆ?”

ಸುಮ್ಮನೆ ಕೇಳಿ ಬರೋಣವೆಂದು ಅವಳು ಹೋದಳು. ಉದ್ದನೆಯ ಕೋಣೆ, ಪತ್ರಿಕೆ ಓದುವ ಇಳಿಜಾರು ಮೇಜುಗಳನ್ನು ಗೋಡೆಗೆ ಸರಿಸಿ ಐವತ್ತು ಅರವತ್ತು ಮಡಚು ಕುರ್ಚಿ ಹಾಕಿದ್ದರು. ನಡೆಸುವವರು ನಿವೃತ್ತ ಲೆಕ್ಕದ ಮೇಷ್ಟ್ರು. ನಿಯಮ ಮೂರೇ: ಕೈಯಲ್ಲಿ ಚೀಟಿ ಇರಕೂಡದು, ಎಂಟು ನಿಮಿಷ ಮೀರಕೂಡದು, ಹೇಳುವುದು ನಿಮಗೇ ನಡೆದದ್ದಾಗಿರಬೇಕು. ಯಾರೇ ಎದ್ದು ನಿಂತರೂ ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿ, “ನಡೆದದ್ದೇ ತಾನೇ?” ಎನ್ನುತ್ತಿದ್ದರು. “ನಡೆದದ್ದೇ” ಎಂದ ಮೇಲೆ ಗಡಿಯಾರ ಒತ್ತುತ್ತಿದ್ದರು.

ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಬರೆಯುವವರೇ ಎಂದು ಅವಳಿಗೆ ಬೇಗ ತಿಳಿಯಿತು. ಎದ್ದು ನಿಂತಾಗ ಕೈ ಎಲ್ಲಿಡಬೇಕೆಂದು ಅವರಿಗೆ ಗೊತ್ತಾಗುವುದಿಲ್ಲ. ನಾಲ್ಕು ದಪ್ಪ ಕಾದಂಬರಿ ಬರೆದವರೊಬ್ಬರು ಎರಡನೇ ನಿಮಿಷಕ್ಕೆ ತಡವರಿಸಿ, “ಮನೇಲಿ ಕನ್ನಡಿ ಮುಂದೆ ಚೆನ್ನಾಗೇ ಬರ್ತಿತ್ತು” ಎಂದರು. ಜನ ನಕ್ಕರು. ಮುಂದಿನ ಸಾಲಿನ ವಯಸ್ಸಾದ ಹೆಂಗಸೊಬ್ಬರು ಎದ್ದು, ಖಾಲಿ ಕುರ್ಚಿಯೊಂದನ್ನು ಅವರ ಮುಂದೆ ಸರಿಸಿ, ಏನೂ ಮಾಡಿಲ್ಲವೆಂಬಂತೆ ಹೋಗಿ ಕುಳಿತರು. ಅದರ ಬೆನ್ನು ಹಿಡಿದುಕೊಂಡ ಮೇಲೆ ಕಾದಂಬರಿಕಾರರ ಮಾತು ದಾರಿಗೆ ಬಂತು. ಹೇಳಿದ್ದು ಹೆಂಡತಿಯ ಕಿವಿಯೋಲೆ ಕಳೆದುಹೋದ ಸಣ್ಣ ಸಂಗತಿ. ಅವರ ನಾಲ್ಕೂ ಕಾದಂಬರಿಗಳ ಕರಡನ್ನು ತಿದ್ದಿದ್ದವಳು ಪ್ರೂಫಮ್ಮನೇ; ಈ ಮನುಷ್ಯನಿಗೆ ಇಷ್ಟು ಸಲೀಸಾಗಿ ಮಾತಾಡಲು ಬರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅವರ ಮಾತು ಮುಗಿದಾಗ ಅವಳು ಚಪ್ಪಾಳೆ ತಟ್ಟಲಿಲ್ಲ. ಅದು ಹೊಟ್ಟೆಕಿಚ್ಚು, ಬೇರೇನಲ್ಲ.

ಇಳಿಯುವಾಗ ಮೆಟ್ಟಿಲ ಬಳಿಯ ಪಟ್ಟಿಯಲ್ಲಿ ಮುಂದಿನ ಶನಿವಾರಕ್ಕೆ ಹೆಸರು ಬರೆದುಬಿಟ್ಟಳು. ಬರೆದ ತಕ್ಷಣ ಹೊಡೆದುಹಾಕಲು ಹೋದಳು. ಹಿಂದೆ ನಿಂತಿದ್ದ ಬೈಂಡರ್ ಪೆನ್ನು ಕಸಿದುಕೊಂಡ.

ಹೇಳಬೇಕೆಂದರೆ ಮೊದಲು ಬಂದು ನಿಲ್ಲುತ್ತಿದ್ದದ್ದು ಒಂದೇ ಕಥೆ. ಎರಡು ಪುಸ್ತಕದಲ್ಲೂ ಅದನ್ನೇ ಬೇರೆ ಬೇರೆ ಬಟ್ಟೆ ತೊಡಿಸಿ ಬರೆದಿದ್ದಳು. ಈ ಸಲವೂ ಅದನ್ನೇ ಹೇಳುತ್ತೇನೆಂದು ಬೈಂಡರನಿಗೆ ಹೇಳಿದ್ದಳು.

ಅವಳ ಅಪ್ಪನೂ ಕರಡು ತಿದ್ದುವವನೇ. ಅವಳಿಗೆ ಹದಿಮೂರು, ಅಕ್ಕನಿಗೆ ಹದಿನಾರು ಆಗಿದ್ದಾಗ ಅಪ್ಪನ ಕಣ್ಣಿಗೆ ಪೊರೆ ಬಂತು. ಮುದ್ರಣಾಲಯದಲ್ಲಿ ತಿಳಿದರೆ ಕೆಲಸ ಹೋಗುತ್ತದೆಂದು, ಮನೆಯಲ್ಲಿ ನಿಧಾನವಾಗಿ ನೋಡುತ್ತೇನೆ ಎಂದು ಹೇಳಿ ಕರಡಿನ ಕಟ್ಟನ್ನು ಸಂಜೆ ಹೊತ್ತು ತರುತ್ತಿದ್ದ. ಅಡುಗೆಮನೆಯ ಮೇಜಿನ ಆಚೆ ಅಕ್ಕ, ಈಚೆ ತಂಗಿ. “ಓದುವವಳು ಅಕ್ಕ, ತಿದ್ದುವವಳು ತಂಗಿ, ಸಹಿ ಹಾಕುವ ದಡ್ಡ ನಾನು” ಎನ್ನುತ್ತಿದ್ದ ಅಪ್ಪ. ಅಕ್ಕ ಹಸ್ತಪ್ರತಿಯನ್ನು ಗಟ್ಟಿಯಾಗಿ ಓದಬೇಕು, ವಿರಾಮಗಳನ್ನೂ ಬಿಡದೆ. ತಂಗಿ ಅಚ್ಚಾದ ಹಾಳೆಯ ಮೇಲೆ ಕಣ್ಣಿಟ್ಟು, ತಪ್ಪು ಸಿಕ್ಕರೆ ಗುರುತು ಹಾಕಬೇಕು. ಅದು ಎಷ್ಟು ಅಭ್ಯಾಸವಾಗಿತ್ತೆಂದರೆ ಅಕ್ಕ ಊಟಕ್ಕೆ ಕರೆಯುವಾಗಲೂ “ಬಾರೇ ಅಲ್ಪವಿರಾಮ ಕೈ ತೊಳ್ಕೋ ಪೂರ್ಣವಿರಾಮ” ಎನ್ನುತ್ತಿದ್ದಳು. ಹೀಗೆ ಒಂದು ವರ್ಷ ಅಪ್ಪನ ಕೆಲಸ ಉಳಿಯಿತು.

ಆಮೇಲೆ ಶಾಲೆಯೊಂದರ ಪರೀಕ್ಷಾ ವೇಳಾಪಟ್ಟಿ ಬಂತು. ಅಚ್ಚಿನಲ್ಲಿ ಬುಧವಾರದ ಸಾಲು ಬಿಟ್ಟುಹೋಗಿತ್ತು, ಯಾರೂ ಹಿಡಿಯಲಿಲ್ಲ. ಬುಧವಾರ ರಜೆಯೆಂದು ತಿಳಿದ ನಾನೂರು ಮಕ್ಕಳು ಚರಿತ್ರೆ ಪರೀಕ್ಷೆಗೆ ಹೋಗಲೇ ಇಲ್ಲ. ಮಕ್ಕಳೇನೋ ಕುಣಿದರು. ಶಾಲೆಯವರು ಕುಣಿಯಲಿಲ್ಲ. ವಿಚಾರಣೆಯಲ್ಲಿ ಅಪ್ಪನ ಕಣ್ಣಿನ ಗುಟ್ಟು ರಟ್ಟಾಗಿ ಕೆಲಸ ಹೋಯಿತು.

ಅಂದು ಸಂಜೆ ಅಪ್ಪ ಇಬ್ಬರನ್ನೂ ನಿಲ್ಲಿಸಿ ಕೇಳಿದ. ತಂಗಿ ಹೇಳಿದಳು: “ಅಕ್ಕ ಆ ಸಾಲು ಓದಲೇ ಇಲ್ಲ. ಆಕಳಿಸ್ತಿದ್ದಳು.” ಆಕಳಿಸಿದ್ದು ನಿಜ. ಅಕ್ಕ ಏನೂ ಹೇಳಲಿಲ್ಲ. ಅಪ್ಪ ಬೈಯಲಿಲ್ಲ, “ನೀನಿನ್ನು ಓದಬೇಡಮ್ಮ” ಎಂದ, ಅಷ್ಟೇ. ಓದಬೇಡ ಎಂದದ್ದು ಕರಡನ್ನೋ ಶಾಲೆಯನ್ನೋ ಎಂದು ಯಾರೂ ಬಿಡಿಸಿ ಕೇಳಲಿಲ್ಲ. ಕೈಗೆ ಕಸುಬು ಬೇಕಾಗಿತ್ತು. ಅಕ್ಕ ಹೊಲಿಗೆಗೆ ಸೇರಿದಳು, ತಂಗಿ ಕಾಲೇಜು ಓದಿದಳು.

ಪುಸ್ತಕಗಳಲ್ಲಿ ಇದ್ದದ್ದು ಇಷ್ಟು: ಆಕಳಿಸುವ ಅಕ್ಕ, ಬಿಟ್ಟುಹೋದ ಬುಧವಾರ, ಕುಣಿಯುವ ನಾನೂರು ಮಕ್ಕಳು. ಓದಿದವರೆಲ್ಲ ನಕ್ಕಿದ್ದರು. ನಿಜವಾಗಿ ಅಕ್ಕ ಆ ಸಾಲನ್ನು ಓದಿದ್ದಳು. ತಂಗಿ ಕೇಳಿಸಿಕೊಂಡಿರಲಿಲ್ಲ. ಕರಡಿನ ಹಾಳೆಯ ಕೆಳಗೆ ಇನ್ನೊಂದು ಹಾಳೆ ಇಟ್ಟುಕೊಂಡು ತನ್ನ ಮೊಟ್ಟಮೊದಲ ಕಥೆ ಬರೆಯುತ್ತಿದ್ದಳು.

ಅಕ್ಕನಿಗೆ ಇದು ಗೊತ್ತು ಎಂದೇ ಅವಳು ನಲವತ್ತು ವರ್ಷ ನಂಬಿದ್ದಳು. ಮೇಜಿನಾಚೆ ಕುಳಿತವಳಿಗೆ ಪೆನ್ಸಿಲ್ ಓಡುವುದು ಕಾಣದೆ ಇರುತ್ತದೆಯೇ? ಗೊತ್ತಿದ್ದೂ ಸುಮ್ಮನಿದ್ದಾಳೆ, ದೊಡ್ಡ ಮನಸ್ಸು. ಹಾಗೆಂದುಕೊಂಡರೆ ಬದುಕುವುದು ಸುಲಭವಾಗುತ್ತಿತ್ತು.

ಬುಧವಾರ ಅಕ್ಕನ ಫೋನು ಬಂತು. ಹಿಂದೆ ಹೊಲಿಗೆ ಯಂತ್ರದ ಸದ್ದು. “ಏನೇ, ನನ್ನ ಕಥೆ ಹೇಳ್ತೀಯಂತೆ, ನನ್ನನ್ನೇ ಕರೆದಿಲ್ಲ?”

“ನಿನಗೆ ಯಾರು ಹೇಳಿದ್ರು?”

“ನಿಮ್ಮ ಬೈಂಡರ್ ಅಂಗಿ ಹೊಲಿಸೋಕೆ ಬಂದಿದ್ದ. ಅವನ ಬಾಯಿಗೂ ಒಂದು ಹೊಲಿಗೆ ಹಾಕಿ ಕಳಿಸೋಣ ಅನ್ನಿಸ್ತು. ನಾಲ್ಕು ಗಂಟೆಗಲ್ವಾ? ಬರ್ತೀನಿ. ಆಕಳಿಕೆ ಚೆನ್ನಾಗಿ ಮಾಡಿ ತೋರ್ಸು, ಪುಸ್ತಕದಲ್ಲಿ ಸ್ವಲ್ಪ ಕಡಿಮೆಯಾಗಿತ್ತು.”

ಅಲ್ಲಿಂದ ಅವಳ ನೆಮ್ಮದಿ ಪೂರಾ ಹೋಯಿತು. ಬಸ್ಸಿನಲ್ಲಿ ಇಳಿಯುವ ಜಾಗ ಬಿಟ್ಟು ಮುಂದೆ ಹೋದಳು. ಕೆಲಸದಲ್ಲಿ ಒಂದೇ ಪುಟವನ್ನು ಮೂರು ಸಲ ತಿದ್ದಿ, ನಾಲ್ಕನೇ ಸಲ ಮೊದಲಿದ್ದಂತೆಯೇ ಮಾಡಿದಳು. ಸಂಜೆ ಗೋಡೆಗೆ ಕಥೆ ಹೇಳಿ ನೋಡಿದಳು. ಪುಸ್ತಕದ್ದು ಏಳು ನಿಮಿಷಕ್ಕೆ ನೀಟಾಗಿ ಮುಗಿಯುತ್ತಿತ್ತು. ಇನ್ನೊಂದನ್ನು ಶುರು ಮಾಡಲೂ ಬರುತ್ತಿರಲಿಲ್ಲ. ಹೊಟ್ಟೆನೋವೆಂದು ಹೇಳಿ ತಪ್ಪಿಸಿಕೊಳ್ಳೋಣ ಎಂದುಕೊಂಡಳು. ಶನಿವಾರ ಬೆಳಗ್ಗೆ ನಿಜಕ್ಕೂ ಹೊಟ್ಟೆ ನೋಯಿತು. ಆದರೂ ಹೋದಳು. ಅಕ್ಕ ಬಂದು ತಾನಿಲ್ಲದಿದ್ದರೆ ಅದು ಇನ್ನೂ ಕೆಟ್ಟದ್ದು.

ಅಕ್ಕ ಮೂರನೇ ಸಾಲಿನಲ್ಲಿ ಕುಳಿತಿದ್ದಳು, ಇಸ್ತ್ರಿಯ ಗೆರೆ ಮುರಿಯದ ಬಟ್ಟೆಯಲ್ಲಿ, ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು. ಪಕ್ಕದಲ್ಲಿ, ಹಿಂದಿನ ವಾರ ಕುರ್ಚಿ ಸರಿಸಿದ್ದ ಆ ವಯಸ್ಸಾದ ಹೆಂಗಸು. ಅಷ್ಟರಲ್ಲೇ ಇಬ್ಬರಿಗೂ ಮಾತು ಬೆಳೆದಿತ್ತು.

“ನಡೆದದ್ದೇ ತಾನೇ?” ಎಂದರು ಮೇಷ್ಟ್ರು.

“ನಡೆದದ್ದೇ” ಎಂದಳು ಪ್ರೂಫಮ್ಮ. ಮುಖ ಬಿಸಿಯಾಯಿತು.

ಬಾಯಿಗೆ ಬಂದದ್ದು ಪುಸ್ತಕದ್ದೇ. ಅಪ್ಪ, ಪೊರೆ, ಅಡುಗೆಮನೆಯ ಮೇಜು. ಅಲ್ಪವಿರಾಮ ಹಾಕಿ ಊಟಕ್ಕೆ ಕರೆಯುವ ಅಕ್ಕ ಬಂದಾಗ ಕೋಣೆಯೆಲ್ಲ ನಕ್ಕಿತು. ಆ ನಗೆ ಮೈಗೆ ತಾಗಿದ್ದೇ ಅವಳಿಗೆ ಬಲ ಬಂತು. ಮೂರು ವರ್ಷ ಸಿಗದೆ ಹೋದದ್ದು ಇದೇ ಎನ್ನಿಸಿತು. ಆಕಳಿಕೆಯ ಭಾಗಕ್ಕೆ ಬಂದು, ಬಾಯಿ ದೊಡ್ಡದು ಮಾಡಿ ಆಕಳಿಸಿದಳು. ಜನ ಇನ್ನೂ ಜೋರಾಗಿ ನಕ್ಕರು.

ಅಕ್ಕನೂ ನಗುತ್ತಿದ್ದಳು. ನಗುತ್ತಾ ಪಕ್ಕದವರ ತೋಳು ತಟ್ಟಿ, ತನ್ನ ಎದೆಯ ಮೇಲೆ ಬೆರಳಿಟ್ಟು ತೋರಿಸಿದಳು. ಸದ್ದು ಕೇಳದಿದ್ದರೂ ತುಟಿ ಓದಬಹುದಿತ್ತು: ಅದು ನಾನೇ.

ಪ್ರೂಫಮ್ಮ ಬಾಯಿ ಮುಚ್ಚಿದಳು. ಗಡಿಯಾರ ಓಡುತ್ತಿತ್ತು. ಯಾರೋ ಕೆಮ್ಮಿದರು. ಮಾತು ಮರೆತಳೆಂದು ತಿಳಿದು ಬೈಂಡರ್ ಹಿಂದಿನ ಸಾಲಿನಿಂದ ತುಟಿ ಅಲ್ಲಾಡಿಸಿ “ಬುಧವಾರ, ಬುಧವಾರ” ಎಂದು ನೆನಪಿಸಿದ.

“ಇಲ್ಲ” ಎಂದಳು. “ಅವಳು ಓದಿದ್ದಳು. ಬುಧವಾರದ ಸಾಲನ್ನ ಅಕ್ಕ ಓದಿದ್ದಳು. ನಾನು ಕೇಳಿಸಿಕೊಳ್ಳಲಿಲ್ಲ. ನಾನು ಕಥೆ ಬರೀತಿದ್ದೆ.” ಮುಂದಿನದೆಲ್ಲ ಮೂಟೆ ಬಿಚ್ಚಿ ಸುರಿದಂತೆ ಬಂತು, ಹಿಂದುಮುಂದಿಲ್ಲದೆ. ಕರಡಿನ ಕೆಳಗಿನ ಹಾಳೆ. ಅಪ್ಪನ ಪ್ರಶ್ನೆ, ತನ್ನ ಉತ್ತರ. ಎರಡು ಪುಸ್ತಕ. ಕೊನೆಗೆ “ಇದಿಷ್ಟು ನಡೆದದ್ದು” ಎಂದು ನಿಲ್ಲಿಸಿದಳು.

ಅಕ್ಕ ಎದ್ದಳು. ಸಾಲಿನಲ್ಲಿದ್ದವರು ಮಂಡಿ ಓರೆ ಮಾಡಿ ದಾರಿ ಬಿಟ್ಟರು. ಅವಳು ಮರೆತ ಕೈಚೀಲವನ್ನು ಪಕ್ಕದ ಹೆಂಗಸು ಬಾಗಿಲವರೆಗೆ ಹಿಂದೆಯೇ ಹೋಗಿ ಕೈಗಿತ್ತು, ಒಂದು ಮಾತೂ ಕೇಳದೆ ಮರಳಿದರು.

ಆಗ ಚಪ್ಪಾಳೆ ಶುರುವಾಯಿತು. ಹಿಂದೆಂದೂ ಅವಳಿಗೆ ಬೀಳದಂಥ ಚಪ್ಪಾಳೆ. ಕಾದಂಬರಿಕಾರರು ಎರಡೂ ಕೈ ಹಿಡಿದುಕೊಂಡು, “ಎಂಥ ಧೈರ್ಯ, ಇದೇ ನಿಮ್ಮ ಮುಂದಿನ ಪುಸ್ತಕ” ಎಂದರು. ಅವಳು ಕೈ ಬಿಡಿಸಿಕೊಂಡು ಮೆಟ್ಟಿಲಿಳಿದು ಓಡಿದಳು.

ಅಕ್ಕ ಬಸ್ ನಿಲ್ದಾಣದ ಬೆಂಚಿನ ತುದಿಯಲ್ಲಿ ಕುಳಿತಿದ್ದಳು. ತಂಗಿ ಇನ್ನೊಂದು ತುದಿಯಲ್ಲಿ ಕುಳಿತಳು. ನಡುವೆ ಮೂರು ಜನ ಕೂರುವಷ್ಟು ಜಾಗ.

“ನಿನಗೆ ಗೊತ್ತಿತ್ತು ಅಂದ್ಕೊಂಡಿದ್ದೆ, ಅಕ್ಕ.”

“ಏನು ಗೊತ್ತಿತ್ತು?”

“ನಿನ್ನ ತಪ್ಪಿಲ್ಲ ಅಂತ. ನನಗೋಸ್ಕರ ಸುಮ್ಮನಿದ್ದೀಯ ಅಂತ.”

“ನನಗೆ ಗೊತ್ತಿದ್ದಿದ್ರೆ ಅವತ್ತೇ ನಿನ್ನ ಜಡೆ ಹಿಡಿದು ಎಳ್ಕೊಂಡು ಹೋಗಿ ಅಪ್ಪನ ಮುಂದೆ ನಿಲ್ಲಿಸ್ತಿದ್ದೆ. ನನ್ನನ್ನ ಯಾವ ದೇವತೆ ಅಂದ್ಕೊಂಡೆ ನೀನು?” ಅಕ್ಕ ರಸ್ತೆಯ ಕಡೆಗೇ ನೋಡುತ್ತಿದ್ದಳು. “ಆಕಳಿಸಿದ್ದೆನಲ್ಲ, ಅದಕ್ಕೇ ಅವತ್ತು ಖಚಿತವಾಗಿ ಹೇಳೋಕಾಗ್ಲಿಲ್ಲ. ಆದ್ರೂ ಮೊದಮೊದಲು ಓದಿದ್ದೆ ಅಂತಲೇ ಅನ್ನಿಸ್ತಿತ್ತು. ಕಾಜಾ ಹೊಲಿಯುವಾಗೆಲ್ಲ ಆ ಪುಟವನ್ನ ಮನಸ್ಸಲ್ಲೇ ಓದ್ತಿದ್ದೆ. ಸೋಮವಾರ ಬೆಳಗ್ಗೆ ಹತ್ತು, ಭಾಷೆ, ಹೊಸ ಸಾಲು. ಮಂಗಳವಾರ ಬೆಳಗ್ಗೆ ಹತ್ತು, ಗಣಿತ, ಹೊಸ ಸಾಲು. ಬುಧವಾರ ಮಧ್ಯಾಹ್ನ ಎರಡು, ಚರಿತ್ರೆ. ಪ್ರತಿ ಸಲವೂ ಬುಧವಾರ ಬರ್ತಿತ್ತು. ಆಮೇಲೆ ನಿನ್ನ ಪುಸ್ತಕ ಬಂತು. ಅಚ್ಚಾಗಿತ್ತು. ಅಚ್ಚಾದ್ದು ಸುಳ್ಳಿರತ್ತಾ ಅಂತ ನನ್ನ ಬುಧವಾರವನ್ನ ನಾನೇ ಬಿಟ್ಟುಬಿಟ್ಟೆ. ಅಪ್ಪನ ಕೆಲಸ ಕಳೆದವಳು ನಾನೇ ಅಂತ ಒಪ್ಕೊಂಡೆ. ಒಪ್ಕೊಂಡ ಮೇಲೆ ನಗೋದು ಕಲಿತೆ.”

ಪ್ರೂಫಮ್ಮ ನಡುವಿನ ಜಾಗದಲ್ಲಿ ಕೈ ಊರಿ ಅಕ್ಕನ ಕಡೆಗೆ ತಿರುಗಿದಳು.

“ಅಷ್ಟು ಜನರ ಮುಂದೆ ಬಂದ ಧೈರ್ಯ ನನ್ನ ಅಡುಗೆಮನೇಲಿ ಯಾಕೆ ಬರ್ಲಿಲ್ಲ?” ಎಂದಳು ಅಕ್ಕ.

“ಅಲ್ಲಿ ನೀನೊಬ್ಬಳೇ ಇರ್ತಿದ್ದೆ.”

ಅಕ್ಕ ವಾಚನಾಲಯದ ಕಡೆಗೆ ತಲೆ ತಿರುಗಿಸಿದಳು. “ಚಪ್ಪಾಳೆ ಕೆಳಗಿನವರೆಗೂ ಕೇಳಿಸ್ತು. ಯಾರಿಗೆ ಹೊಡೆದದ್ದು?”

“ನನಗೆ.”

“ಅದೇ.” ಬಸ್ಸು ಬಂತು. ಅಕ್ಕ ಎದ್ದಳು. “ಮುಂದಿನ ಶನಿವಾರ ನಾನು ಹೇಳ್ತೀನಿ. ಆ ಮೇಷ್ಟ್ರಿಗೆ ತಿಳಿಸು. ನೀನು ಬರಬೇಡ.”

ಕಿಟಕಿಯ ಪಕ್ಕ ಕುಳಿತ ಮೇಲೆ, ಬಸ್ಸು ಹೊರಡುವ ಮುನ್ನ, ಅದೇ ಸಿಟ್ಟಿನ ದನಿಯಲ್ಲಿ, “ಏನಾದ್ರೂ ತಿನ್ನು ಹೋಗಿ. ಬೆಳಗ್ಗಿಂದ ಹೊಟ್ಟೆ ಖಾಲಿ ಅಂತ ಮುಖದಲ್ಲೇ ಬರೆದಿದೆ” ಎಂದಳು.

ಆ ವಾರ ಹೇಗೆ ಕಳೆಯಿತೆಂದು ಕೇಳಬಾರದು. ಅಕ್ಕ ಏನು ಹೇಳಬಹುದೆಂದು ಅವಳು ದಿನಕ್ಕೆ ಹತ್ತು ಬಗೆಯಲ್ಲಿ ಕಟ್ಟಿ ಕೆಡವಿದಳು. ಒಂದರಲ್ಲಿ ಅಕ್ಕ ಅಳುತ್ತಿದ್ದಳು, ಒಂದರಲ್ಲಿ ತಂಗಿಯ ಮಾನ ಹರಾಜು ಹಾಕುತ್ತಿದ್ದಳು, ಮತ್ತೊಂದರಲ್ಲಿ ಕ್ಷಮಿಸಿಬಿಡುತ್ತಿದ್ದಳು. ಅದೇ ಎಲ್ಲಕ್ಕಿಂತ ಸಹಿಸಲಾಗದ್ದು. ಎರಡು ಸಲ ಫೋನು ಮಾಡಿದಳು. “ಬಟ್ಟೆ ಕತ್ತರಿಸ್ತಿದ್ದೀನಿ” ಎಂದು ಅಕ್ಕ ಇಟ್ಟುಬಿಟ್ಟಳು. ಶನಿವಾರ ನಾಲ್ಕಕ್ಕೆ ವಾಚನಾಲಯದ ಬೀದಿಯ ತಿರುವಿನವರೆಗೆ ಹೋಗಿ ನಿಂತಳು, ಮರಳಿದಳು, ಮತ್ತೆ ಹೋದಳು. ಮಹಡಿಯ ಕಿಟಕಿ ತೆರೆದಿತ್ತು. ಒಮ್ಮೆ ದೊಡ್ಡ ನಗೆ ಉರುಳಿ ಬಂತು. ತನ್ನನ್ನೇ ನೋಡಿ ನಕ್ಕಂತಾಗಿ, ಹೆಗಲು ಮುಟ್ಟಿ ನೋಡಿಕೊಂಡ ಕುಂಬಳಕಾಯಿ ಕಳ್ಳನ ಹಾಗೆ, ಬೇಗ ಬೇಗ ಮನೆಗೆ ನಡೆದಳು.

ಸೋಮವಾರ ಬೈಂಡರ್ ಬಾಗಿಲು ದಾಟುವುದನ್ನೇ ಕಾದಿದ್ದಳು. “ಹೇಗೆ ಹೇಳಿದಳು?”

“ಚೆನ್ನಾಗಿ ಹೇಳಿದ್ರು.”

“ನನ್ನನ್ನ ಬಹಳ ಬೈದಳಾ?”

ಅವನು ಅಂಟಿನ ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಕೆಳಗಿಟ್ಟ. ಹೇಳುವುದನ್ನು ಮೆತ್ತಗೆ ಹೇಳಬೇಕೆಂದು ಅವನು ಯೋಚಿಸುತ್ತಿರುವುದು ಕಾಣುತ್ತಿತ್ತು. “ಮೇಡಂ, ಅದರಲ್ಲಿ ನೀವು ಇರಲೇ ಇಲ್ಲ.”

ಅಕ್ಕ ಹೇಳಿದ್ದು ಹೊಲಿಗೆ ಕಲಿತ ಮೊದಲ ವರ್ಷದ ಸಂಗತಿಯಂತೆ. ಯಾರದೋ ದುಬಾರಿ ಕೋಟಿಗೆ ಎರಡು ಎಡತೋಳು ಕತ್ತರಿಸಿಬಿಟ್ಟಿದ್ದಳಂತೆ. ಕೋಟಿನವನು ಬಂದು ಕೂಗಾಡಿದಾಗ ಅಂಗಡಿಯ ಯಜಮಾನ, “ಕತ್ತರಿ ನನ್ನ ಕೈಯಲ್ಲಿತ್ತು ಸ್ವಾಮಿ” ಎಂದು ತನ್ನ ಮೇಲೆ ಹಾಕಿಕೊಂಡನಂತೆ. ಆಮೇಲೂ ಅದರ ಸುದ್ದಿ ಎತ್ತಲಿಲ್ಲವಂತೆ. ಬೈಂಡರ್ ಅಷ್ಟೇ ಹೇಳಿ ಹಾಳೆ ಮಡಿಸಲು ತೊಡಗಿದ.

ನಲವತ್ತು ವರ್ಷದಲ್ಲಿ ಈ ಯಜಮಾನನ ಬಗ್ಗೆ ಅವಳು ಒಂದು ಮಾತೂ ಕೇಳಿರಲಿಲ್ಲ. ವಾರವೆಲ್ಲ ಕಟ್ಟಿದ ಹತ್ತು ಕಥೆಗಳಲ್ಲಿ ಒಂದರಲ್ಲೂ ಅಕ್ಕ ಅಂಗಡಿಯಲ್ಲಿ ಇರಲಿಲ್ಲ. ಎಲ್ಲದರಲ್ಲೂ ತಾನಿದ್ದಳು.

ಊಟದ ಬಿಡುವಿನಲ್ಲಿ ಅವಳು ಅಕ್ಕನ ಅಂಗಡಿಗೆ ಹೋದಳು. ಅಕ್ಕ ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡು ಒಂದು ಅಂಗಿಯ ಅಂಚು ಮಡಿಸುತ್ತಿದ್ದಳು. ತಂಗಿಯನ್ನು ನೋಡಿದಳು, ಕೆಲಸ ನಿಲ್ಲಿಸಲಿಲ್ಲ. ಹೊರಗೆ ಹೋಗು ಎಂದೂ ಸನ್ನೆ ಮಾಡಲಿಲ್ಲ.

“ಎರಡು ಎಡತೋಳು ಕತ್ತರಿಸಿದ್ದೆಯಂತೆ” ಎಂದಳು ಪ್ರೂಫಮ್ಮ.

ಅಕ್ಕ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು. “ಯಾರು ಹೇಳಿದ್ದು?”

“ಬೈಂಡರ್.”

“ಅವನಿಗೇನು ಹೇಳೋಕೆ ಬರತ್ತೆ. ಎಡತೋಳಲ್ಲ, ಬಲತೋಳು. ಯಜಮಾನರು ಅಂದದ್ದೂ ಅಷ್ಟೇ ಅಲ್ಲ.” ಅಂಗಿಯನ್ನು ಪಕ್ಕಕ್ಕಿಟ್ಟು ತಂಗಿಯ ಮುಖವನ್ನು ಆ ಶನಿವಾರದ ನಂತರ ಮೊದಲ ಸಲ ನೇರವಾಗಿ ನೋಡಿದಳು. “ಕೇಳೋದಾದ್ರೆ ಹೇಳ್ತೀನಿ. ಬರೆಯೋದಾದ್ರೆ ಈಗಲೇ ಎದ್ದು ಹೋಗು.”

ಪ್ರೂಫಮ್ಮ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.